ತಂತಿ ಹಿಡಿದು ಕೂತ ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ನಮ್ಮ ತರಗತಿಯ ಅಂಗವಿಕಲ ಮಕ್ಕಳ ಸಂಗೀತ ಕಾರ್ಯಕ್ರಮ ಮುಗಿಯಿತು. ಹೇಗಾಯಿತು ಎಂದು ಬಂದವರಿಗೆ ಗೊತ್ತು, ಬರಲಾಗದವರಿಗೆ ವಿಡಿಯೊ ತಲುಪಿದೆ. ಹಿಂದಿನ ರಾತ್ರಿ ಸಂಗೀತದಿಂದ ಏನು ವಾಸಿಯಾಗುತ್ತದೆ ಎಂಬ ಹಳೇ ಪ್ರಶ್ನೆ ಮತ್ತೆ ಬಂದದ್ದು, ಒಬ್ಬೊಬ್ಬರೇ ಎದ್ದು ಹೋದದ್ದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಕೆದಕುವುದಿಲ್ಲ.

ವೇದಿಕೆಗೆ ಇಳಿಜಾರು ಹಾಸಿದವರಿಗೆ, ಯಾವುದಾದ ಮೇಲೆ ಯಾವುದು ಎಂದು ಚಿತ್ರಗಳಲ್ಲೇ ಪಟ್ಟಿ ಬರೆದುಕೊಟ್ಟವರಿಗೆ, ಹಾಡುಗಳನ್ನು ಸನ್ನೆ ಭಾಷೆಗೆ ತಂದವರಿಗೆ, ವ್ಹೀಲ್‌ಚೇರ್ ಸಮೇತ ಮಕ್ಕಳನ್ನು ಕರೆತಂದ ಚಾಲಕರಿಗೆ, ತಂದೆತಾಯಿಯರಿಗೆ, ಚಪ್ಪಾಳೆ ತಟ್ಟದೆ ಕಿವಿ ಕೇಳದವರ ರೀತಿಯಲ್ಲಿ ಎರಡೂ ಕೈ ಮೇಲೆತ್ತಿ ಬೆರಳು ಆಡಿಸಿದ ಪ್ರೇಕ್ಷಕರಿಗೆ, ಎಲ್ಲರಿಗೂ ಒಟ್ಟಿಗೆ ನಮಸ್ಕಾರ. ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟರಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಈ ಬರಹದ ಬಹುಪಾಲು ಒಬ್ಬರಿಗೇ ಸಲ್ಲಬೇಕು.

ಮಕ್ಕಳು ಅವರನ್ನು ಸೌಂಡ್ ಅಕ್ಕ ಎಂದು ಕರೆಯುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆ ರಾತ್ರಿ ಒಬ್ಬೊಬ್ಬರೇ ಎದ್ದು ಹೋದ ಮೇಲೂ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್, ತಂತಿ ಪರೀಕ್ಷಿಸುವ ಮಲ್ಟಿಮೀಟರ್ ಇಟ್ಟುಕೊಂಡು ನೆಲದ ಮೇಲೆ ಕೂತೇ ಇದ್ದವರು ಅವರು.

ಮಗು ತಾಳ ತಪ್ಪಿದರೆ ಮೊದಲು ತಂತಿ ನೋಡಿ, ಆಮೇಲೆ ಸ್ಪೀಕರ್ ನೋಡಿ, ಆಮೇಲೆ ಕೋಣೆ ನೋಡಿ, ಮಗುವಿನ ಸರದಿ ಕೊನೆಗೆ ಬರಲಿ. ಇದು ಅಕ್ಕನ ಕ್ರಮ. ಸಂಗೀತ ಕಲಿಸುವವರಿಗೆ ಇದು ಸಹಜವಾಗಿ ಬರುವುದಿಲ್ಲ. ನಮ್ಮ ಕಣ್ಣು ಮೊದಲು ಹೋಗುವುದೇ ಮಗುವಿನ ಕೈಯ ಮೇಲೆ.

ಬ್ಲೂಟೂತ್ ಸ್ಪೀಕರ್‌ನ ವಿಷಯವನ್ನೇ ತೆಗೆದುಕೊಳ್ಳಿ. ಮಗು ಟ್ಯಾಬ್ಲೆಟ್‌ಗೆ ಜೋಡಿಸಿದ ಬಟನ್ನಿನ ಸ್ವಿಚ್ ಒತ್ತುತ್ತದೆ, ಟ್ಯಾಬ್ಲೆಟ್ ಸ್ವರ ನುಡಿಸುತ್ತದೆ, ಸ್ಪೀಕರ್ ಅದನ್ನು ಹೊರಗೆ ಬಿಡುತ್ತದೆ. ಈ ಕೊನೆಯ ಹಂತದಲ್ಲೇ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ಕಳೆದುಹೋಗುತ್ತದೆ. ನಿಮಿಷಕ್ಕೆ 120 ಪೆಟ್ಟುಗಳ ಲಯದಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಇರುವುದೇ 500 ಮಿಲಿಸೆಕೆಂಡ್. ಅಂದರೆ ಮಗು ಸರಿಯಾಗಿ ಪೆಟ್ಟಿನ ಮೇಲೆಯೇ ಒತ್ತಿದರೂ ಸ್ವರ ಮುಂದಿನ ಪೆಟ್ಟಿನ ಕಡೆಗೆ ಅರ್ಧಕ್ಕೆ ತುಸು ಕಡಿಮೆ ದಾರಿ ಕಳೆದು ಬರಬಹುದು. ಕೈ ಸಲೀಸಾಗಿ ಓಡುವವರು ತಮಗೇ ತಿಳಿಯದಂತೆ ಸ್ವಲ್ಪ ಮುಂಚೆ ಒತ್ತಿ ಸರಿದೂಗಿಸಿಕೊಳ್ಳುತ್ತಾರೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಇರುವ ಮಗುವಿಗೆ ಒತ್ತಬೇಕೆಂದು ಹೊರಟು ಕೈ ತಲುಪುವುದಕ್ಕೇ ಹೊತ್ತು ಬೇಕು, ಆ ಹೊತ್ತೂ ಒಂದೊಂದು ಸಲ ಒಂದೊಂದು ಥರ. ಅದರ ಮೇಲೆ ಸ್ಪೀಕರ್‌ನ ಸಾಲವನ್ನೂ ಅದೇ ತೀರಿಸಬೇಕು ಎಂದರೆ ಹೇಗೆ? ತಂತಿ ಇರುವ ಸ್ಪೀಕರ್ ಹಾಕಿ, ಮಗುವಿನಿಂದ ಎರಡು ಮೂರು ಮೀಟರ್ ಒಳಗೆ ಇಡಿ. ಮೂರು ಮೀಟರ್ ಗಾಳಿಯಲ್ಲಿ ಬರಲು ಶಬ್ದಕ್ಕೆ ಸುಮಾರು 9 ಮಿಲಿಸೆಕೆಂಡ್ ಸಾಕು, ಅದು ಯಾರ ಲಯವನ್ನೂ ಕೆಡಿಸುವುದಿಲ್ಲ.

ಸ್ವಿಚ್‌ಗಳಂತೂ ಅಕ್ಕನ ಸಾಮ್ರಾಜ್ಯ. ಸಾಮಾನ್ಯವಾಗಿ ಸಿಗುವ ಸ್ವಿಚ್‌ಗೆ 3.5 ಮಿಲಿಮೀಟರ್ ಮೋನೊ ಪ್ಲಗ್, ಒಳಗೆ ಎರಡೇ ತಂತಿ. ಹೆಚ್ಚಾಗಿ ಕೆಡುವುದು ಬಟನ್ ಅಲ್ಲ. ಪ್ಲಗ್ಗಿನ ಕತ್ತಿನಲ್ಲಿ, ತಂತಿ ಮತ್ತೆ ಮತ್ತೆ ಬಾಗುವ ಜಾಗದಲ್ಲಿ, ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗೆ ಏನೂ ಕಾಣದು. ಅದಕ್ಕೇ ಅದು ಒಮ್ಮೆ ನುಡಿಯುತ್ತದೆ, ಒಮ್ಮೆ ನುಡಿಯುವುದಿಲ್ಲ, ನೋಡುವವರಿಗೆ ಮಗುವೇ ಗಮನ ಕೊಡುತ್ತಿಲ್ಲ ಎನಿಸುತ್ತದೆ. ಮಲ್ಟಿಮೀಟರನ್ನು ಬೀಪ್ ಬರುವ ಸೆಟ್ಟಿಂಗಿಗೆ ತಿರುಗಿಸಿ, ಕಡ್ಡಿಗಳನ್ನು ಪ್ಲಗ್ಗಿನ ತುದಿಗೂ ಬುಡಕ್ಕೂ ಹಿಡಿದು, ಬಟನ್ ಒತ್ತಿಕೊಂಡೇ ಕತ್ತನ್ನು ಮೆಲ್ಲಗೆ ಅಲ್ಲಾಡಿಸಿ. ಬೀಪ್ ಕಡಿದರೆ ಕಳ್ಳ ಸಿಕ್ಕಿದ. ಎರಡು ಸೆಂಟಿಮೀಟರ್ ಮೇಲಕ್ಕೆ ಕತ್ತರಿಸಿ ಹೊಸ ಪ್ಲಗ್ ಹಾಕಿ. ಬೆಸುಗೆಗೆ ಮೊದಲೇ ಪ್ಲಗ್ಗಿನ ಮುಚ್ಚಳವನ್ನು ತಂತಿಗೆ ಪೋಣಿಸಿಕೊಳ್ಳದಿದ್ದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. ಆಮೇಲೆ ತಂತಿಯನ್ನು ಒಂದು ಸಡಿಲ ಸುತ್ತು ಬಿಟ್ಟು ಟ್ರೇಗೆ ಟೇಪ್ ಅಂಟಿಸಿ. ಎಳೆದಾಗ ಟೇಪ್ ತಡೆಯಬೇಕು, ಪ್ಲಗ್ಗಿಗೆ ಪೆಟ್ಟು ಬೀಳಬಾರದು. ವ್ಹೀಲ್‌ಚೇರಿನ ಚಕ್ರದ ದಾರಿಯಲ್ಲಂತೂ ತಂತಿ ಇರಲೇಬಾರದು.

ಇನ್ನು ಕೈ ನಡುಗುವ ಹುಡುಗಿಯ ಸ್ವಿಚ್. ಒಮ್ಮೆ ಒತ್ತಿದರೆ ಮೂರು ಸಲ ಬಡಿಯುತ್ತಿತ್ತು. ಮೊದಲ ಒತ್ತಿನ ನಂತರ ಅರ್ಧ ಸೆಕೆಂಡ್ ಬೇರೆ ಒತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸೆಟ್ಟಿಂಗ್ ಇಂಥ ಉಪಕರಣಗಳಲ್ಲಿ ಬಹಳಷ್ಟು ಕಡೆ ಇರುತ್ತದೆ. ಅಕ್ಕ ಅದನ್ನು ಹಾಕಿದರು, ಜೊತೆಗೆ ಸ್ವಿಚ್ಚನ್ನು ಕೈಯಿಂದ ತೆಗೆದು ತಲೆಯ ಪಕ್ಕಕ್ಕೆ ಕ್ಲ್ಯಾಂಪ್ ಮಾಡಿದರು. ಅವಳ ಅತಿ ನಂಬಿಕಸ್ತ ಚಲನೆ ತಲೆ ಹೊರಳಿಸುವುದು. ವಾದ್ಯ ಎಂದರೆ ಕೈಯಲ್ಲೇ ನುಡಿಸಬೇಕು ಎಂದು ಯಾರು ಹೇಳಿದರು?

ಈಗ ಒಂದು ಕಹಿ ಮಾತು. ಈ ಮಕ್ಕಳಿಗೆ ಸಂಗೀತದಿಂದ ಏನು ವಾಸಿಯಾಗುತ್ತದೆ ಎಂಬ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಪಕ್ಕದ ಮನೆಯ ಹುಡುಗ ಪಿಟೀಲು ಕಲಿತರೆ ಅದು ಯಾವ ಕಾಯಿಲೆಗೆ ಮದ್ದು ಎಂದು ಯಾರೂ ವಿಚಾರಿಸುವುದಿಲ್ಲ. ಇವರು ಮಾತ್ರ ಒಂದು ಹಾಡು ನುಡಿಸಲಿಕ್ಕೂ ವೈದ್ಯಕೀಯ ಕಾರಣ ಕೊಡಬೇಕು. ಸಂಗೀತ ಚಿಕಿತ್ಸೆ ಬೇರೆ, ಅದಕ್ಕೆ ಓದಿ ಬಂದವರಿದ್ದಾರೆ, ಅವರ ಬಗ್ಗೆ ಗೌರವವೂ ಇದೆ. ಇಲ್ಲಿ ನಡೆಯುವುದು ಪಾಠ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಸೃಜನಶಕ್ತಿ ಬೆಳೆಸಿಕೊಳ್ಳುವ ಅವಕಾಶ ಅವರ ಒಳಿತಿಗಷ್ಟೇ ಅಲ್ಲ, ಸಮಾಜ ಸಮೃದ್ಧವಾಗಲಿಕ್ಕೂ ಬೇಕು ಎನ್ನುತ್ತದೆ. ಆ ರಾತ್ರಿ ಇದೇ ಪ್ರಶ್ನೆ ಮತ್ತೊಮ್ಮೆ ಬಂದಾಗ ಉತ್ತರ ಕೊಡುವ ತ್ರಾಣ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಅಕ್ಕ ತಲೆ ಎತ್ತದೆ ಬೆಸುಗೆ ಹಾಕುತ್ತಲೇ ಇದ್ದರು. ಸರಿ, ಬಿಡಿ.

ಶ್ರವಣ ಸಾಧನಗಳನ್ನು ಹೊಂದಿಸಿಕೊಟ್ಟ ಶ್ರವಣ ತಜ್ಞರಿಗೆ, ಅಂದರೆ ಆಡಿಯಾಲಜಿಸ್ಟರಿಗೆ, ಒಂದು ಮಾತು ಹೆಚ್ಚು ಹೇಳಬೇಕು. ಆ ಸಾಧನಗಳನ್ನು ಮಾತಿಗೆಂದು ಹೊಂದಿಸಿರುತ್ತಾರೆ. ಸಾಧನವೇ ಸೀಟಿ ಹೊಡೆಯುವುದನ್ನು ತಡೆಯುವ ವ್ಯವಸ್ಥೆ ಕೊಳಲಿನ ದೀರ್ಘ ಸ್ವರವನ್ನೇ ಸೀಟಿ ಎಂದು ತಿಳಿದು ಅಳಿಸಲು ಹೋಗುವುದುಂಟು, ಸ್ವರ ಒಡೆದು ಗುಯ್‌ಗುಟ್ಟುತ್ತದೆ. ಗದ್ದಲ ಕಡಿಮೆ ಮಾಡುವುದನ್ನು ನಿಲ್ಲಿಸಿ, ಸೀಟಿ ತಡೆಯನ್ನು ಸಡಿಲಿಸಿದ ಸಂಗೀತದ ಪ್ರೋಗ್ರಾಮ್ ಒಂದನ್ನು ಪ್ರತ್ಯೇಕವಾಗಿ ಹಾಕಿಸಿಕೊಳ್ಳಿ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಸಾಧನ, ಇರುವವರಿಗೆ ಸಾಮಾನ್ಯವಾಗಿ ಲಯ ಚೆನ್ನಾಗಿ ಸಿಗುತ್ತದೆ, ಸ್ವರದ ಏರಿಳಿತ ಕಷ್ಟ. ಹಾಗಾಗಿ ಅವರೊಂದಿಗೆ ತಾಳದಿಂದ ಶುರು ಮಾಡಿ.

ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಸ್ವರಲಿಪಿಯನ್ನು ತಿದ್ದಿಕೊಟ್ಟ ಗೆಳೆಯರಿಗೂ ಋಣಿ. ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲೇ ಸಂಗೀತಕ್ಕೂ ಜಾಗ ಇತ್ತು. ಕೀಬೋರ್ಡ್ ಮುಂದೆ ಕೂತವರು ಒಂದು ಕೈಯಲ್ಲಿ ಓದಿ ಇನ್ನೊಂದರಲ್ಲಿ ನುಡಿಸಿ, ಆಮೇಲೆ ಕೈ ಬದಲಿಸಿ, ಎರಡನ್ನೂ ಬಾಯಿಪಾಠ ಮಾಡಿದ ಮೇಲಷ್ಟೇ ಕೂಡಿಸಬೇಕು. ಸಾಲುಗಳನ್ನು ಚಿಕ್ಕ ತುಂಡುಗಳಾಗಿ ಕೊಡಿ, ಕಲಿಯುವ ಸಮಯವನ್ನು ಹೆಚ್ಚಿಗೆ ಇಡಿ.

ಗದ್ದಲ ತಾಳಲಾಗದವರು ಬಂದು ಕೂರಲೆಂದು ಇಟ್ಟ ಮೂಲೆಯ ಶಾಂತ ಕೋಣೆಯನ್ನು ನೋಡಿಕೊಂಡ ಸ್ವಯಂಸೇವಕರೇ, ಒಳಗೆ ಬಂದ ಆಟಿಸಂ ಇರುವ ಹುಡುಗನನ್ನು ಏನಾಯಿತು ಎಂದು ಕೇಳದೆ ನೀವು ಸುಮ್ಮನೆ ಕೂರಿಸಿಕೊಂಡಿದ್ದಿರಿ. ಅವನು ತಾನಾಗಿಯೇ ಎದ್ದು ಹೋಗಿ ತನ್ನ ಸರದಿಗೆ ಸರಿಯಾಗಿ ತಾಳ ಹಿಡಿದ.

ಅಕ್ಕ ಒಂದು ಪೆಟ್ಟಿಗೆ ಬಿಟ್ಟು ಹೋಗಿದ್ದಾರೆ: ನಾಲ್ಕು ಸ್ವಿಚ್, ಎರಡು ಕ್ಲ್ಯಾಂಪ್, ಉದ್ದದ ಆಡಿಯೊ ತಂತಿ, ಜಾರದ ಮ್ಯಾಟ್, ಬಿಡಿ ಪ್ಲಗ್ಗುಗಳು. ಬೇರೆ ತರಗತಿಯವರು ಯಾರು ಬೇಕಾದರೂ ಕೇಳಿ ಒಯ್ಯಬಹುದು. ವಾಪಸ್ ಕೊಡುವಾಗ ತಂತಿಯನ್ನು ಸ್ವಿಚ್ಚಿನ ಸುತ್ತ ಬಿಗಿಯಾಗಿ ಸುತ್ತಬೇಡಿ, ಅಕ್ಕ ಬೈಯುತ್ತಾರೆ.