ಎಲ್ಲ ಮುಗಿದ ಮೇಲೆ ಪರಿಶೀಲನೆ ಯಾಕೆ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಷೇರು ಟ್ರೇಡಿಂಗ್ ಕ್ಲಾಸಿಗೆ ಬೀಗ ಬಿದ್ದ ಸುದ್ದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅಧಿಕಾರಿಗಳು ಬಂದು ಪರಿಶೀಲನೆ ಮಾಡಿದರಂತೆ. ಏನು ಪರಿಶೀಲಿಸಿದರು ಸ್ವಾಮಿ? ಒಳಗೆ ಇದ್ದದ್ದು ಬರೀ ಖಾಲಿ ಕುರ್ಚಿ.

ದಿನಾ ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆಯುವ ಹೊತ್ತಿಗೆ ನಮ್ಮ ಗೇಟಿನ ಮುಂದೆ ಸ್ಕೂಟರುಗಳ ಸಾಲು. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ತೆಗೆಯುವಂತಿರಲಿಲ್ಲ. ಕೇಳಿದರೆ, 'ಕ್ಲಾಸ್ ಮುಗೀಲಿ ಅಂಕಲ್' ಅನ್ನೋರು. ಒಳಗೆ ಗೋಡೆ ತುಂಬಾ ಬ್ಯಾಂಕ್ ಷೇರುಗಳ ಸೂಚ್ಯಂಕ ಬ್ಯಾಂಕ್ ನಿಫ್ಟಿಯ ಆ ಕ್ಷಣದ ಚಾರ್ಟ್, 'ಈಗ ತಗೊಳ್ಳಿ, ಈಗ ಮಾರಿ' ಅನ್ನೋ ಕೂಗು. ಬರೀ ಪಾಠ ಹೇಳುವವರು ಕಳೆದ ಮೂರು ತಿಂಗಳ ಷೇರು ದರ ತೋರಿಸುವಂತಿಲ್ಲ ಅಂತ ಷೇರುಪೇಟೆಯ ನಿಯಂತ್ರಕ ಸೆಬಿ 2025ರ ಜನವರಿಯಲ್ಲೇ ಹೇಳಿತ್ತು. ಬೀದಿಗೆ ಕೇಳಿಸುತ್ತಿದ್ದದ್ದು ಅಧಿಕಾರಿಗಳಿಗೆ ಕೇಳಿಸಲಿಲ್ಲ, ಅಲ್ವಾ?

ನನ್ನ ತಂಗಿಯ ಮಗ ಅಲ್ಲೇ ಸೇರಿದ್ದ. 'ತಿಂಗಳಿಗೆ ಶೇ 10 ಲಾಭ' ಅನ್ನೋ ಕರಪತ್ರ ಬಂದದ್ದು ನಿಮ್ಮ ಪತ್ರಿಕೆಯ ಒಳಗೇ, ಸಂಪಾದಕರೇ. ಲಾಭವನ್ನೂ ಅಲ್ಲೇ ಬಿಟ್ಟರೆ 1 ಲಕ್ಷ ಮೂರು ವರ್ಷಕ್ಕೆ 30 ಲಕ್ಷ ದಾಟಬೇಕು. ಯಾವ ಊರಲ್ಲಿ ಹೀಗಾಗುತ್ತೆ? ಸೆಬಿ ಲೆಕ್ಕದಲ್ಲೇ 2024ರ ಮಾರ್ಚ್‌ಗೆ ಮುಗಿದ ಮೂರು ವರ್ಷಗಳಲ್ಲಿ ಷೇರಿನ ಮುಂದಿನ ಬೆಲೆಯ ಮೇಲೆ ಬಾಜಿ ಕಟ್ಟುವಂಥ ಎಫ್ ಅಂಡ್ ಓ ವ್ಯವಹಾರ ಮಾಡಿದ ಸಾಮಾನ್ಯರಲ್ಲಿ ಶೇ 93 ಮಂದಿಗೆ ನಷ್ಟ, ತಲಾ ಸುಮಾರು 2 ಲಕ್ಷ. ಟ್ರೇಡಿಂಗ್ ಆ್ಯಪ್ ತೆರೆದರೆ ಹತ್ತರಲ್ಲಿ ಒಂಬತ್ತು ಜನ ಕಳೆದುಕೊಳ್ಳುತ್ತಾರೆ ಅಂತ ಎಚ್ಚರಿಕೆಯೂ ಬರುತ್ತೆ. ಹುಡುಗರು ಅದನ್ನು ಒತ್ತಿ ಮುಂದೆ ಹೋಗುತ್ತಾರೆ.

2020ರ ಮಾರ್ಚ್‌ನಲ್ಲಿ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ನಿಫ್ಟಿ ನೆಲಕಚ್ಚಿತ್ತು. ನಾನು ತಿಂಗಳು ತಿಂಗಳು ಸ್ವಲ್ಪ ಹಣ ಹಾಕುವ ಎಸ್‌ಐಪಿ ನಿಲ್ಲಿಸದೆ ಕಾದೆ. ಆ ವರ್ಷ ಮುಗಿಯುವಷ್ಟರಲ್ಲಿ ಅದು ಹಳೆ ಮಟ್ಟ ದಾಟಿತು. ಎಲ್ಲ ಸಲವೂ ಅಷ್ಟು ಬೇಗ ಏಳುವುದಿಲ್ಲ, ವರ್ಷಗಟ್ಟಲೆ ಕಾಯಬೇಕಾಗುತ್ತೆ. ಇದನ್ನು ಹೇಳಿದರೆ ಹುಡುಗನಿಗೆ ಬೇಜಾರು. ಅವನಿಗೆ ದಿನಾ ಸಂಜೆ ದುಡ್ಡು ಕಾಣಬೇಕು. ಷೇರುಪೇಟೆ ಏನು ದಿನಗೂಲಿ ಕೊಡುವ ಜಾಗವೇ? ತಾಯಿಯ ಎಫ್‌ಡಿ ಒಡೆಸಿ ಕ್ಲಾಸಿನವರಿಗೆ ಕೊಟ್ಟ.

ಈಗ ಅಲೆದಾಟ ನನ್ನದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದಾಯಿತು. ಬ್ಯಾಂಕಿನವರು ಪೊಲೀಸರ ಪತ್ರ ತನ್ನಿ ಅಂದರು. ಠಾಣೆಯವರು ಸೈಬರ್ ಠಾಣೆಗೆ ಹೋಗಿ ಅಂದರು. ಅಲ್ಲಿ ಚಾಟ್ ಎಲ್ಲ ಪ್ರಿಂಟ್ ತೆಗೆದು ತರಬೇಕಂತೆ. ಅರವತ್ತು ದಾಟಿದ ತಂಗಿ ಜೆರಾಕ್ಸ್ ಅಂಗಡಿ ಮುಂದೆ ನಿಂತು ಅಳುತ್ತಿದ್ದಳು.

2019ರಲ್ಲಿ ಬೆಂಗಳೂರಲ್ಲಿ ಹೆಚ್ಚು ಲಾಭದ ಆಸೆ ತೋರಿಸಿ ಹಣ ಸಂಗ್ರಹಿಸಿದ ಐಎಂಎ ಕಂಪನಿ ಮುಳುಗಿದಾಗ ಸಾವಿರಾರು ಜನ ದೂರು ಕೊಡಲು ಸಾಲುಗಟ್ಟಿದ್ದರು. ಅದರಿಂದ ಏನು ಕಲಿತರು? ನಮ್ಮ ಬಡಾವಣೆ ಕಚೇರಿಯಲ್ಲಂತೂ ಇ-ಖಾತೆಗೆ ಅಲೆಸುತ್ತಾರೆ, ಬೀದಿದೀಪಕ್ಕೆ ಕೊಟ್ಟ ಅರ್ಜಿ ಎಲ್ಲಿದೆಯೋ ಗೊತ್ತಿಲ್ಲ. ಆದರೆ ಇಂಥ ಕ್ಲಾಸಿನ ಬೋರ್ಡಿಗೆ ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಇಂಥ ಕ್ಲಾಸುಗಳನ್ನು ಮುಚ್ಚಿಸಿ, ಇಲ್ಲವೇ ಹಣ ಬೆಳೆಯಲು ಎಷ್ಟು ಕಾಲ ಬೇಕು ಅಂತ ಕಾಲೇಜಲ್ಲೇ ಕಲಿಸಿ. ನೀವೂ ಕರಪತ್ರ ಹಾಕಿಸುವುದನ್ನು ನಿಲ್ಲಿಸಿ. ಸಂಬಳ ತಗೊಳ್ಳುವವರು ಇಷ್ಟಾದರೂ ಮಾಡಬೇಡವೇ?

– ನೊಂದ ಓದುಗ, ಮೈಸೂರು