ಮಕ್ಕಳ ಬರಹಕ್ಕೆ ಸಹಪಾಠಿಗಳೂ ಓದುಗರಾಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಮ್ಮ ಪ್ರೌಢಶಾಲೆಗಳಲ್ಲಿ ಮಗು ಬರೆದ ಪ್ರಬಂಧವನ್ನು ಓದುವವರು ಭಾಷಾ ಶಿಕ್ಷಕರೊಬ್ಬರೇ. ಆ ಓದೂ ಬಹಳ ಕಡೆ ಕೆಂಪು ಶಾಯಿಯ ಸರಿ ಗುರುತು, ಸಹಿ, ದಿನಾಂಕಗಳಲ್ಲಿ ಮುಗಿದುಹೋಗುತ್ತದೆ. ಶಿಕ್ಷಕರನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಮೂರು ತರಗತಿಗಳ ನೋಟ್ ಪುಸ್ತಕಗಳ ಜೊತೆಗೆ ಸಮೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆಗಳ ಕೆಲಸವನ್ನೂ ಹೊತ್ತವರಿಗೆ ಪ್ರತಿಯೊಬ್ಬರ ಬರಹದ ಕೆಳಗೆ ನಾಲ್ಕು ಸಾಲು ಬರೆಯುವಷ್ಟು ಬಿಡುವು ಎಲ್ಲಿಂದ ಬರಬೇಕು? ಆದರೆ ಯಾರೂ ಓದುವುದಿಲ್ಲವೆಂದು ಗೊತ್ತಾದ ಮೇಲೆ ಮಕ್ಕಳೂ ಮನಸ್ಸಿಟ್ಟು ಬರೆಯುವುದಿಲ್ಲ. ‘ಗ್ರಂಥಾಲಯಗಳ ಮಹತ್ವ’ವನ್ನು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳ ಸಮೇತ ಗೈಡ್ ನೋಡಿ ಕಂಠಪಾಠ ಮಾಡಿದ ಮಗು ಒಮ್ಮೆಯೂ ಗ್ರಂಥಾಲಯದ ಮೆಟ್ಟಿಲು ಹತ್ತದೆ ಪೂರ್ಣ ಅಂಕ ಪಡೆಯಬಹುದಾದ ಸ್ಥಿತಿ ಇಂದಿನದು.

ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಕೇಳಿಕೊಳ್ಳುವುದು ಇಷ್ಟೇ: ಮಕ್ಕಳ ಬರಹವನ್ನು ಮಕ್ಕಳೇ ಓದಲಿ, ಓದಿದವರು ಅದರ ಬಗ್ಗೆ ಯೋಚಿಸಿ ಬರೆಯಲಿ, ಆ ಪ್ರತಿಕ್ರಿಯೆಯನ್ನೂ ಬರವಣಿಗೆಯ ಒಂದು ಪ್ರಕಾರವೆಂದು ತರಗತಿಯಲ್ಲಿ ಕಲಿಸುವಂತಾಗಲಿ.

ಕಲಿಸದೆ ಇದು ಬರುವುದಿಲ್ಲ. ಮೊದಲ ಸಲ ಪುಸ್ತಕ ಅದಲುಬದಲು ಮಾಡಿಸಿದರೆ ಎಲ್ಲರೂ ‘ತುಂಬಾ ಚೆನ್ನಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ, ಇಲ್ಲವೇ ಅಕ್ಷರದೋಷಗಳನ್ನು ಹುಡುಕಿ ಗೆರೆ ಎಳೆಯುತ್ತಾರೆ. ನಾನು ಎರಡೇ ನಿಯಮ ಇಟ್ಟಿದ್ದೆ. ಬರಹದ ಒಂದು ನಿರ್ದಿಷ್ಟ ಸಾಲನ್ನು ಹೆಸರಿಸಿ ಅದು ಏಕೆ ಮನಸ್ಸಿನಲ್ಲಿ ಉಳಿಯಿತು ಎಂದು ಹೇಳಬೇಕು. ನಿಜವಾಗಿಯೂ ತಿಳಿದುಕೊಳ್ಳಬೇಕೆನಿಸಿದ ಒಂದು ಪ್ರಶ್ನೆಯನ್ನು ಕೇಳಬೇಕು. ಒಬ್ಬ ಹುಡುಗ ತನ್ನ ಮನೆಯ ಅಡಿಕೆ ಸುಲಿತದ ಬಗ್ಗೆ ‘ರಾತ್ರಿಯವರೆಗೂ ಎಲ್ಲರೂ ಕೂತು ಸುಲಿಯುತ್ತೇವೆ’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದ. ಬಯಲುಸೀಮೆಯಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು ಅದರ ಕೆಳಗೆ, ತಾನು ಅಡಿಕೆ ಸುಲಿಯುವುದನ್ನು ನೋಡಿಯೇ ಇಲ್ಲ, ಕತ್ತಿಯನ್ನು ಕೈಯಲ್ಲಿ ಹಿಡಿಯುತ್ತಾರೋ ಕಾಲಿನಲ್ಲಿ ಒತ್ತಿ ಹಿಡಿಯುತ್ತಾರೋ, ಸುಲಿದ ಮೇಲೆ ಏನು ಮಾಡುತ್ತಾರೆ ಎಂದು ಕೇಳಿದಳು. ಅವನು ಮತ್ತೆ ಬರೆದು ತಂದಾಗ ಮೆಟ್ಟುಗತ್ತಿ ಬಂದಿತ್ತು, ಅಡಿಕೆ ಬೇಯುವ ಹಂಡೆ ಬಂದಿತ್ತು, ಚೊಗರಿನಿಂದ ಕಪ್ಪಾದ ಅಜ್ಜಿಯ ಬೆರಳುಗಳೂ ಬಂದಿದ್ದವು. ‘ಇನ್ನಷ್ಟು ವಿವರಿಸು’ ಎಂದು ನಾನು ಎಷ್ಟು ಬಾರಿ ಬರೆದಿದ್ದರೂ ಆ ಪುಟ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ, ಏಕೆಂದರೆ ಅಡಿಕೆಯ ವಿಚಾರ ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿತ್ತು. ಆ ಹುಡುಗಿಗೆ ಗೊತ್ತಿರಲಿಲ್ಲ.

ಪ್ರಶ್ನೆ ಕೇಳಿದವಳಿಗೂ ಇದರಿಂದ ಲಾಭವಿದೆ. ಇನ್ನೊಬ್ಬರ ಬರಹದಲ್ಲಿ ಎಲ್ಲಿ ಅರ್ಥವಾಗಲಿಲ್ಲ ಎಂದು ಗುರುತಿಸಲು ಕಲಿತವರು ತಮ್ಮ ಬರಹದಲ್ಲೂ ಅಂಥ ಜಾಗಗಳನ್ನು ತಾವೇ ಕಂಡುಕೊಳ್ಳುತ್ತಾರೆ.

ಇದು ಹೊಸ ಪ್ರಯೋಗವೇನಲ್ಲ. ಫ್ರಾನ್ಸಿನ ಹಳ್ಳಿಶಾಲೆಯೊಂದರ ಶಿಕ್ಷಕ ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲಿ ತಮ್ಮ ತರಗತಿಗೇ ಪುಟ್ಟ ಮುದ್ರಣಯಂತ್ರವನ್ನು ತಂದರು. ಮಕ್ಕಳೇ ಅಚ್ಚುಮೊಳೆ ಜೋಡಿಸಿ ತಮ್ಮ ಬರಹಗಳನ್ನು ಮುದ್ರಿಸುತ್ತಿದ್ದರು. ಆ ಹಾಳೆಗಳು ದೇಶದ ಇನ್ನೊಂದು ತುದಿಯ ಬ್ರಿಟನಿ ಪ್ರಾಂತ್ಯದ ಶಾಲೆಗೆ ಅಂಚೆಯಲ್ಲಿ ಹೋಗುತ್ತಿದ್ದವು, ಅಲ್ಲಿನ ಮಕ್ಕಳ ಬರಹಗಳು ಇಲ್ಲಿಗೆ ಬರುತ್ತಿದ್ದವು. ನಮ್ಮಲ್ಲೂ ಭಿತ್ತಿಪತ್ರಿಕೆ, ಕೈಬರಹದ ಪತ್ರಿಕೆಗಳ ಪರಂಪರೆ ಇದೆ. ಆದರೆ ಭಿತ್ತಿಪತ್ರಿಕೆಯ ಪಕ್ಕದಲ್ಲಿ ಓದಿದವರು ಬರೆಯಲೆಂದು ಒಂದು ಖಾಲಿ ಹಾಳೆಯನ್ನು ಅಂಟಿಸಿದ ಶಾಲೆಯನ್ನು ನಾನು ನೋಡಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಪಡೆದ ಪ್ರಬಂಧವನ್ನೂ ತೀರ್ಪುಗಾರರ ಹೊರತು ಬೇರೆ ಯಾರೂ ಓದುವುದಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಎಚ್ಚರ ವಹಿಸಬೇಕಾದ ಸಂಗತಿ ಒಂದಿದೆ, ಅದು ಸಣ್ಣದಲ್ಲ. ಮಕ್ಕಳ ಮಾತು ಬರಹವನ್ನು ಬಿಟ್ಟು ಬರೆದವರ ಜಾತಿ, ಬಡತನ, ಮೈಬಣ್ಣಗಳತ್ತ ಹೊರಳಬಹುದು. ಮನೆಮಾತಿನ ಕನ್ನಡದಲ್ಲಿ ಬರೆದ ಮಗುವಿಗೆ ‘ಇದು ತಪ್ಪು ಕನ್ನಡ’ ಎಂಬ ಉತ್ತರ ಸಿಕ್ಕರೆ ಆ ಮಗು ಮತ್ತೆ ಗೈಡಿನ ಮೊರೆಹೋಗುತ್ತದೆ. ಆದ್ದರಿಂದ ಪ್ರತಿಕ್ರಿಯೆಗಳು ಶಿಕ್ಷಕರ ಕಣ್ಣಿಗೆ ಬಿದ್ದ ಮೇಲೆಯೇ ಬರೆದವರ ಕೈಸೇರಬೇಕು. ಎರಡು ಮೂರು ವಾಕ್ಯಗಳ ಪ್ರತಿಕ್ರಿಯೆಯನ್ನು ಓದುವುದು ಇಡೀ ಪ್ರಬಂಧವನ್ನು ತಿದ್ದುವಷ್ಟು ಹೊರೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವನ್ನು ಭಯದಿಂದ ಮುಕ್ತಗೊಳಿಸಿ, ಅಭಿಪ್ರಾಯಗಳನ್ನು ಸ್ವತಂತ್ರವಾಗಿ ವ್ಯಕ್ತಪಡಿಸಲು ನೆರವಾಗಬೇಕೆನ್ನುತ್ತದೆ. ಆ ಕಾಯ್ದೆ ಎಂಟನೇ ತರಗತಿಯವರೆಗೆ ಮಾತ್ರ ಅನ್ವಯಿಸಿದರೂ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಆ ಆಶಯ ಬೇಡವಾಗುವುದಿಲ್ಲ.

ಶಿಕ್ಷಣ ಇಲಾಖೆ ಇದಕ್ಕಾಗಿ ಹೊಸ ಯೋಜನೆಯನ್ನಾಗಲಿ ಅನುದಾನವನ್ನಾಗಲಿ ಪ್ರಕಟಿಸಬೇಕಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆಂದು ಶೇ 20ರಷ್ಟು ಅಂಕಗಳಿವೆ. ಅದರ ಹೆಸರಿನಲ್ಲಿ ಅಂತರ್ಜಾಲದಿಂದ ತೆಗೆದ ಚಿತ್ರ, ಮಾಹಿತಿಗಳನ್ನು ಅಂಟಿಸಿದ ಚಟುವಟಿಕೆ ಪುಸ್ತಕಗಳು ರಾಶಿ ಬೀಳುತ್ತಿವೆ. ಅವುಗಳಲ್ಲಿ ಒಂದರ ಬದಲು, ಮಗು ತಾನೇ ಬರೆದ ಒಂದು ಪುಟ, ಅದಕ್ಕೆ ಸಹಪಾಠಿಯ ಪ್ರತಿಕ್ರಿಯೆ, ಆ ಬಳಿಕ ತಿದ್ದಿ ಬರೆದ ಪುಟ ಈ ಮೂರನ್ನು ಕನ್ನಡ ವಿಷಯದಲ್ಲಿ ಪರಿಗಣಿಸುವಂತೆ ಸುತ್ತೋಲೆ ಹೊರಡಿಸಿದರೆ ಸಾಕು. ಹದಿನೈದು ದಿನಕ್ಕೊಂದು ಪಿರಿಯಡ್ ಇದಕ್ಕೆ ಸಿಗಬೇಕು. ಆಸಕ್ತ ಶಿಕ್ಷಕರು ಕುಂದಾಪುರದ ಒಂದು ಶಾಲೆಯ ಬರಹಗಳನ್ನು ರಾಯಚೂರಿನ ಶಾಲೆಗೆ ಅಂಚೆಯಲ್ಲಿ ಕಳುಹಿಸುವ ಏರ್ಪಾಡು ಮಾಡಿಕೊಂಡರೆ ಇನ್ನೂ ಒಳಿತು.

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿ. ವಾರದ ಮಕ್ಕಳ ಪುಟದಲ್ಲಿ ಒಂದು ಮಗುವಿನ ಬರಹವನ್ನು ಪ್ರಕಟಿಸುವಾಗ, ಅದನ್ನು ಓದಿದ ಬೇರೆ ಜಿಲ್ಲೆಯ ಇನ್ನೊಂದು ಮಗುವಿನ ಪ್ರತಿಕ್ರಿಯೆಗೂ ಮುಂದಿನ ವಾರ ಜಾಗ ಮಾಡಿಕೊಡಬೇಕಾಗಿ ಕೋರುತ್ತೇನೆ.

ಇತಿ,
ನಿವೃತ್ತ ಕನ್ನಡ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ