ಕಡಿದ ನರ ಕರೆಂಟಿನ ತಂತಿಯಲ್ಲ

ಮಾನ್ಯರೇ,

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಕೈ ಸಿಕ್ಕಿ ನರ ಕಡಿದರೆ, ಹೊಲಿಗೆ ಬಿಚ್ಚಿದ ಮೇಲೂ ಬೆರಳು ಮರಗಟ್ಟಿಯೇ ಇರುತ್ತದೆ. ‘ಆಪರೇಶನ್ ಸರಿಯಾಗಲಿಲ್ಲ’ ಎಂಬ ಮಾತು ಆಗ ಶುರುವಾಗುತ್ತದೆ. ನರವೆಂದರೆ ತಂತಿ, ಜೋಡಿಸಿದರೆ ಕರೆಂಟು ಬರಬೇಕು ಎಂದುಕೊಂಡದ್ದೇ ಇದಕ್ಕೆ ಕಾರಣ.

ಬೆರಳಿನ ಸ್ಪರ್ಶ ತಿಳಿಸುವ ನರಕೋಶದ ಒಡಲಿರುವುದು ಕುತ್ತಿಗೆಯಲ್ಲಿ, ಬೆನ್ನುಹುರಿಯ ಪಕ್ಕ. ಅಲ್ಲಿಂದ ಬೆರಳ ತುದಿಯವರೆಗೆ ಒಂದೇ ಎಳೆ, ಆಕ್ಸಾನ್. ಕಡಿದರೆ ಒಡಲಿನ ಸಂಪರ್ಕ ತಪ್ಪಿದ ಕೆಳತುಂಡು ಕೆಲವೇ ದಿನಗಳಲ್ಲಿ ಸಾಯುತ್ತದೆ. ವೈದ್ಯರು ಹೊಲಿಯುವುದು ನರದ ಹೊದಿಕೆಯನ್ನು ಮಾತ್ರ. ಒಳಗಿನ ಎಳೆ ಹೊಸದಾಗಿ ಬೆಳೆದು ಬರಬೇಕು.

ಬೆಳೆಯುವುದು ತುದಿ, ಸಾಮಾನು ತಯಾರಾಗುವುದು ದೂರದ ಒಡಲಲ್ಲಿ. ಕೋಶಪೊರೆ ರಬ್ಬರಿನಂತೆ ಹಿಗ್ಗುವುದಿಲ್ಲ, ಹೊಸ ಪೊರೆ ಬಂದು ಸೇರಬೇಕು. ಒಡಲಿನ ಗಾಲ್ಗಿ ಎಂಬ ಭಾಗದಿಂದ ಹೊರಟ ಪೊರೆಯ ಗುಳ್ಳೆಗಳನ್ನು ಕೈನೆಸಿನ್ ಎಂಬ ಪ್ರೋಟೀನು ಮೈಕ್ರೋಟ್ಯೂಬ್ಯೂಲ್ ಎಂಬ ಸೂಕ್ಷ್ಮ ಕೊಳವೆಯ ಹಳಿಯ ಮೇಲೆ, ಹೆಜ್ಜೆಗೆ 8 ನ್ಯಾನೊಮೀಟರಿನಂತೆ ಹೊತ್ತು ನಡೆಯುತ್ತದೆ. (ಈ ಹಮಾಲಿ ಪತ್ತೆಯಾದದ್ದು 1985ರಲ್ಲಿ, ಕಾರವಾರದ ಬಂದರಿಗೆ ಬರುವ ಬೊಂಡಾಸ್ ಎಂಬ ಸ್ಕ್ವಿಡ್ಡಿನ ದಾಯಾದಿಯೊಂದರ ದಪ್ಪ ನರದಲ್ಲಿ!) ತುದಿ ತಲುಪಿದ ಮೇಲೆ ಸ್ನೇರ್ ಪ್ರೋಟೀನುಗಳು ಹುರಿ ಹೊಸೆದಂತೆ ಸುತ್ತಿಕೊಂಡು ಗುಳ್ಳೆಯನ್ನು ಹೊರಪೊರೆಗೆ ಬೆಸೆಯುತ್ತವೆ.

ಲೆಕ್ಕ ಹಾಕಿ ನೋಡಿ. 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಎಳೆ 1 ಮಿಲಿಮೀಟರ್ ಉದ್ದವಾಗಲು ಸುಮಾರು 3,140 ಚದರ ಮೈಕ್ರಾನ್ ಪೊರೆ ಬೇಕು. 0.1 ಮೈಕ್ರಾನ್ ಅಗಲದ ಗುಳ್ಳೆ ಕೊಡುವುದು 0.0314 ಚದರ ಮೈಕ್ರಾನ್. ಅಂದರೆ ಒಂದು ಲಕ್ಷ ಗುಳ್ಳೆ. ಅಷ್ಟೂ ಒಂದೇ ದಿನದಲ್ಲಿ ಸೇರಬೇಕೆಂದರೆ ದಿನವಿಡೀ ಸೆಕೆಂಡಿಗೊಂದಕ್ಕಿಂತ ಹೆಚ್ಚು.

ಗುಳ್ಳೆಗಳೇನೋ ದಿನಕ್ಕೆ 200ರಿಂದ 400 ಮಿ.ಮೀ. ಓಡುತ್ತವೆ. ಹಳಿಯನ್ನೇ ಕಟ್ಟಬೇಕಾದ ಟ್ಯೂಬ್ಯುಲಿನ್ ಮುಂತಾದ ಪ್ರೋಟೀನುಗಳು ಮಾತ್ರ ದಿನಕ್ಕೆ ಕೆಲವೇ ಮಿ.ಮೀ. ತೆವಳುತ್ತವೆ. ಹಾಗಾಗಿ ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಣಿಕಟ್ಟಿನಿಂದ ಬೆರಳ ತುದಿಗೆ 17-18 ಸೆಂ.ಮೀ. ಎಂದರೆ ಆರು ತಿಂಗಳು, ಗಾಯ ದಾಟಿ ಹೊರಡಲು ಹಿಡಿಯುವ ಕೆಲವು ವಾರ ಬೇರೆ. ವಿಟಮಿನ್ ಬಿ12 ಕೊರತೆ ಇದ್ದವರಿಗೆ ಬಿ12 ಬೇಕೇ ಬೇಕು. ಆದರೆ ‘ಹದಿನೈದೇ ದಿನದಲ್ಲಿ ನರ ಬೆಳೆಸುತ್ತೇವೆ’ ಎನ್ನುವವರಿಗೆ ಈ ಲೆಕ್ಕ ಕೇಳಿ. ಗೌರಿ ಹೂವಿನ ಗಡ್ಡೆಯನ್ನಂತೂ ಯಾರೂ ಮನೆಮದ್ದೆಂದು ನುಂಗಬಾರದು: ಅದರಲ್ಲಿರುವ ಕಾಲ್ಚಿಸಿನ್ ಈ ಹಳಿಗಳನ್ನೇ ಕಳಚುವ ವಿಷ, ಜೀವಕ್ಕೇ ಅಪಾಯ.

ಎಳೆ ಎಲ್ಲಿಗೆ ಬಂದಿದೆಯೆಂದು ತಿಳಿಯಲು ಬೆರಳಿನಿಂದ ಗಾಯದತ್ತ ಮೆಲ್ಲಗೆ ತಟ್ಟುತ್ತ ಹೋಗಬೇಕು. ಜುಮ್ಮೆನ್ನುವ ಜಾಗ ತಿಂಗಳಿಗೆ ಸುಮಾರು 3 ಸೆಂ.ಮೀ. ಮುಂದೆ ಸರಿಯುತ್ತಿದ್ದರೆ ಕಾಯಬಹುದು. ಮೂರ್ನಾಲ್ಕು ತಿಂಗಳಾದರೂ ಗಾಯದಲ್ಲೇ ನಿಂತಿದ್ದರೆ ಎಳೆಗಳು ಅಲ್ಲೇ ಗಂಟುಗಟ್ಟಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ, ಏಕೆಂದರೆ ನರವಿಲ್ಲದ ಸ್ನಾಯು ಒಂದು-ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಯುವುದಿಲ್ಲ.

— ಇಬ್ಬರು ಜೀವಶಾಸ್ತ್ರ ಉಪನ್ಯಾಸಕರು, ಶಿರಸಿ